ಖಾಲಿ ಸೀಟು ಕೇಳಿದವರು

ಬೈಂದೂರಿನಿಂದ ಬ್ರಹ್ಮಾವರದ ಕಾಲೇಜು ಆಫೀಸಿಗೆ ನಾನು ದಿನವೂ ಒಬ್ಬಳೇ ಕಾರು ಓಡಿಸಿಕೊಂಡು ಹೋಗುತ್ತಿದ್ದೆ. ದಲ್ಲಾಳಿಯಿಂದ ಕೊಂಡ ಸೆಕೆಂಡ್ ಹ್ಯಾಂಡ್ ಕಾರು. ಖಾಲಿ ಸೀಟಿಗೆ ಜನ ಹುಡುಕಿಕೊಡುವ ಆ್ಯಪನ್ನು ಮೊಬೈಲಿಗೆ ಹಾಕಿಕೊಟ್ಟವರು ನನ್ನ ಗಂಡ.

"ಗುರ್ತಿಲ್ದವ್ರನ್ನ್ ಹತ್ತಿಸ್ಕಂಬುದಾ?" ಎಂದೆ.

"ಬಸ್ಸಂಗೆ ಪಕ್ಕದಗೆ ಕೂಕಂಬವ್ರ್ ಗುರ್ತ್ ಇತ್ತಾ ನಿಂಗೆ? ಇದ್ರಗಾರೆ ಫೋಟೋ ಇತ್ತ್, ಹೆಸ್ರ್ ಇತ್ತ್."

ಮಾತು ಹೌದೆನಿಸಿತು. ಬಸ್ಸಿನಲ್ಲಿ ಯಾರ ಮುಖವನ್ನೂ ನೋಡದ ನಾನು, ಸೀಟು ಕೇಳಿದವರ ಫೋಟೋ ಹಿಗ್ಗಿಸಿ ನೋಡಿ, ಹೆಸರಿನ ಪಕ್ಕ ಗುರುತು ಖಾತ್ರಿಯಾದ ಹಸಿರು ಚಿಹ್ನೆ ಇದ್ದರೆ ಮಾತ್ರ ಒಪ್ಪುತ್ತಿದ್ದೆ.

ಒಂದು ಮಂಗಳವಾರ ಬೆಳಿಗ್ಗೆ ಉಪ್ಪುಂದದಿಂದ ಬ್ರಹ್ಮಾವರಕ್ಕೆ ಒಬ್ಬರು ಸೀಟು ಕೇಳಿದರು. ಫೋಟೋದಲ್ಲಿ ನರೆತ ಮೀಸೆಯ ಗಂಡಸು. ಹಸಿರು ಚಿಹ್ನೆ ಇತ್ತು. 'ನಿಂತಿದ್ದೇನೆ' ಎಂದು ಮೆಸೇಜೂ ಬಂತು. ಆದರೆ ಅಲ್ಲಿ ನಿಂತಿದ್ದವರು ಐವತ್ತೈದರ ಆಸುಪಾಸಿನ ಹೆಂಗಸು.

"ನಮ್ಮನಿಯವ್ರ್ ಫೋನ್," ಎಂದು ಮುಂದೆ ನನ್ನ ಪಕ್ಕ ಕೂತರು. ಕೆಳಗೆ ನೋಡದೆಯೇ ಕೈ ಹಾಕಿ ಸೀಟನ್ನು ಹಿಂದಕ್ಕೆ ಸರಿಸಿಕೊಂಡರು. ಎದುರಿನ ಡ್ಯಾಶ್‌ಬೋರ್ಡಿನ ಡ್ರಾ ಕೆಟ್ಟಿದೆಯೆಂದು ನಾನು ಬಿಟ್ಟುಬಿಟ್ಟಿದ್ದೆ. ಅವರು ಅದರ ಮೂಲೆಗೆ ಎರಡು ಸಲ ಕುಟ್ಟಿದರು. ತೆರೆಯಿತು. ಒಳಗೆ ಇಣುಕಿ ಮೆಲ್ಲಗೆ ಮುಚ್ಚಿದರು. ಮರವಂತೆಯಲ್ಲಿ ಎಲ್ಲರೂ ಕಡಲು ನೋಡುತ್ತಾರೆ. ಅವರು ಸ್ಟೇರಿಂಗ್ ಹಿಡಿದ ನನ್ನ ಕೈಗಳನ್ನೇ ನೋಡುತ್ತಿದ್ದರು.

ತ್ರಾಸಿಯಲ್ಲಿ "ಇಲ್ಲೇ ನಿಲ್ಸಿ," ಎಂದರು. ಮನೆಯಿಲ್ಲ, ಅಂಗಡಿಯಿಲ್ಲ, ಬರೀ ರಸ್ತೆಬದಿ. ಬ್ರಹ್ಮಾವರ ಇನ್ನೂ ಬಹಳ ದೂರ.

ಮುಂದಿನ ಮಂಗಳವಾರವೂ ಅದೇ ಫೋಟೋ, ಅದೇ ಹೆಂಗಸು. "ಬ್ರೇಕ್ ಜೋರ್ ಒತ್ಬೇಡಿ, ಎಡಕ್ಕ್ ಎಳಿತ್ತ್," ಎಂದರು. ಎಳೆಯುತ್ತಿದ್ದುದು ನಿಜ, ನಾನು ಯಾರಿಗೂ ಹೇಳಿರಲಿಲ್ಲ. ಮತ್ತೆ ಅದೇ ಜಾಗದಲ್ಲಿ ಇಳಿದರು. ಕನ್ನಡಿಯಲ್ಲಿ ನೋಡಿದರೆ ತಲೆ ತಗ್ಗಿಸಿ ಡಾಂಬರನ್ನು ನೋಡುತ್ತ ಅಲುಗದೆ ನಿಂತಿದ್ದರು.

ಆಫೀಸಿನೆದುರು ಕಾರು ನಿಲ್ಲಿಸಿ, ಅವರಂತೆಯೇ ಡ್ರಾ ಕುಟ್ಟಿದೆ. ಒಳಗೊಂದು ಹಳೆಯ ಇನ್ಶೂರೆನ್ಸ್ ಕಾಗದ. ಮಾಲೀಕರ ಹೆಸರು ಆ್ಯಪಿನಲ್ಲಿದ್ದ ಹೆಸರೇ. ದಲ್ಲಾಳಿಗೆ ಫೋನ್ ಮಾಡಿದೆ.

"ಹ್ವಾಯ್, ಅವ್ರ್ ತೀರ್ಕಂಡ್ ವರ್ಷ ಆಯ್ತಲೆ! ಎಂತಕ್ಕೆ?" ಎಂದ.

'ನಿಂತಿದ್ದೇನೆ' ಎಂಬ ಮೆಸೇಜು ಬಂದದ್ದು ಸತ್ತವರ ಹೆಸರಿನಿಂದ. ಆ ವಾರವೆಲ್ಲ ಫೋನ್ ಸದ್ದಾದರೆ ಬೆಚ್ಚುತ್ತಿದ್ದೆ. "ಇನ್ನ್ ಹತ್ತಿಸ್ಕಂಬುದ್ ಬ್ಯಾಡ," ಎಂದು ಗಂಡ ಹೇಳಿದರು. ಆದರೂ ಮಂಗಳವಾರ ಮತ್ತೆ ಆ ಮುಖ ಮೂಡಿದಾಗ ಯಾಕೋ ಒಪ್ಪಿಕೊಂಡೆ.

ಉಪ್ಪುಂದ ಬಿಟ್ಟ ಕೂಡಲೇ ಕೇಳಿದೆ, "ಈ ಕಾರ್ ನಿಮ್ದಲ್ದಾ?"

ಅವರು ಡ್ರಾದ ಮೂಲೆಯನ್ನು ಬೆರಳಿನಿಂದ ಸವರಿದರು. "ಆ್ಯಪಗೆ ಗಾಡಿ ನಂಬ್ರ ಕಂಡೆ. ಒಂದ್ಸಲ ಕೂಕಂಬ ಅಂದೇಳಿ ಆಯ್ತ್. ಅವತ್ತ್ ನಾವಿಬ್ರೂ ಬ್ರಹ್ಮಾವರಕ್ಕೆ ತಂಗಿ ಮನಿಗ್ ಹೊರ್ಟದ್ದ್. ತ್ರಾಸಿಯಗೆ ಅವ್ರ್ ಕಾರ್ ಸೈಡಿಗೆ ಹಾಕ್ರ್, ಕೀ ತಿರ್ಗ್ಸಿ ಬಂದ್ ಮಾಡ್ರ್. ಎಂತಾಯ್ತ್ ಅಂತ ಕೇಂಡೆ. ಮಾತಾಡ್ಲೇ ಇಲ್ಲ. ನೀವ್ ಈಗ ಕೂಕಂಡಲ್ಲೇ."

ಎಂಟು ತಿಂಗಳಿಂದ ನಾನು ಬೆನ್ನು ಆನಿಸಿದ್ದ ಸೀಟು. ನನಗರಿವಿಲ್ಲದೆ ಮುಂದಕ್ಕೆ ಸರಿದು ಕೂತೆ. ಕುತ್ತಿಗೆಯ ಹಿಂದೆ ಯಾರೋ ಉಸಿರಾಡಿದಂತಾಯಿತು.

ತ್ರಾಸಿಯಲ್ಲಿ ನಿಧಾನಿಸಿ, "ಇಳಿತ್ರ್ಯಾ?" ಎಂದೆ.

ಅವರು ಕಿಟಕಿಯಾಚೆ ಆ ರಸ್ತೆಬದಿಯನ್ನು ನೋಡಿದರು. "ಇಲ್ಲ. ಮುಂದೆ ಹೋಪ," ಎಂದರು. ನನಗೆ ಹೇಳಿದ್ದೋ, ಇನ್ಯಾರಿಗೋ, ತಿಳಿಯಲಿಲ್ಲ.

ಕುಂದಾಪುರದ ಸೇತುವೆ ದಾಟಿದೆವು. ಸಾಲಿಗ್ರಾಮದ ಹತ್ತಿರ ತಿರುಗಿ ನೋಡಿದರೆ ಅವರ ತಲೆ ಪಕ್ಕಕ್ಕೆ ವಾಲಿತ್ತು, ಕಣ್ಣು ಮುಚ್ಚಿತ್ತು. "ಹ್ವಾಯ್! ಹ್ವಾಯ್!" ಎಂದು ಕೂಗಿದೆ.

ಕಣ್ಣು ಬಿಟ್ಟರು. "ನಿದ್ರಿ ಬಂತ್ ಮಾರಾಯ್ತಿ," ಎಂದು ನಾಚಿಕೊಂಡರು. "ಒಂದ್ ವರ್ಷ ಆಯ್ತ್, ಸಮ ನಿದ್ರಿ ಮಾಡ್ದೆ."

ಬ್ರಹ್ಮಾವರದಲ್ಲಿ ಇಳಿದು, ತಿರುಗಿ ನೋಡದೆ ತಂಗಿಯ ಮನೆಯ ಓಣಿಯತ್ತ ನಡೆದುಹೋದರು. ಮತ್ತೆಂದೂ ಅವರು ಸೀಟು ಕೇಳಲಿಲ್ಲ. ಅವತ್ತು ಮಾತ್ರ ನಾನು ಕಾರಿನಿಂದಿಳಿದು, ಒಳಗೆ ಕೂರಲು ಮನಸ್ಸಾಗದೆ, ಬಿಸಿಲಿನಲ್ಲಿ ಬಹಳ ಹೊತ್ತು ನಿಂತಿದ್ದೆ. ಆಫೀಸಿಗೆ ತಡವಾಯಿತು.