ಖಳನಾಯಕನಿಗೆ ಹೆಣ್ಣು ಕೊಟ್ಟ ಅಧ್ಯಾಯ

ಯಾರಾದರೂ ತೀರ ಒಳ್ಳೆಯವರಂತೆ ಕಂಡರೆ ನನ್ನ ಕೈ ತಾನಾಗಿ ಅಳತೆಯ ಟೇಪಿನ ಕಡೆ ಹೋಗುತ್ತದೆ. ಇದು ಹುಟ್ಟುಗುಣವಲ್ಲ, ಕಸುಬಿನಿಂದ ಬಂದದ್ದು. ಅಜ್ಜಂಪುರದ ಬಸ್ ನಿಲ್ದಾಣದ ಎದುರು ಒಂದೇ ಒಂದು ಹಳೆಯ ಹೊಲಿಗೆ ಮೆಷಿನ್ ಇಟ್ಟುಕೊಂಡು ನಾನು ಅಂಗಡಿ ಶುರು ಮಾಡಿದಾಗ, ‘ನಿಮಗೆ ಮೋಸ ಮಾಡ್ತೀನಾ ತಾಯಿ’ ಎಂದು ಕಣ್ಣಲ್ಲಿ ನೀರು ತಂದುಕೊಂಡ ಜವಳಿಯವನ ಬಟ್ಟೆಯಲ್ಲಿ ಮುಕ್ಕಾಲು ಮೀಟರ್ ಕಡಿಮೆಯಿತ್ತು. ‘ಬೇಕಾದ್ರೆ ತಗೊಳ್ಳಿ, ಇಲ್ದಿದ್ರೆ ದಾರಿ ಬಿಡಿ’ ಎಂದ ಒರಟನ ಅಳತೆ ಸರಿಯಾಗಿತ್ತು. ನೀವೂ ನೆನಪಿಡಿ: ಬಟ್ಟೆಯನ್ನು ಕಣ್ಣೆದುರೇ ಅಳೆಸಿ. ಅಳೆಯುವಾಗ ವ್ಯಾಪಾರಿಯ ಮುಖ ನೋಡಬೇಡಿ, ಹೆಬ್ಬೆರಳು ನೋಡಿ. ಬಟ್ಟೆ ಕಳೆದುಹೋಗುವುದು ಅಲ್ಲೇ.

ಇಂಥ ನಾನು ಕಥೆಯ ಖಳನಾಯಕರ ಬಗ್ಗೆ ತಲೆ ಕೆಡಿಸಿಕೊಂಡದ್ದು ತಂಗಿ ವಿಮಲೆಯ ದೆಸೆಯಿಂದ. ಅಪ್ಪ ಅಮ್ಮ ಬೇಗ ಹೋಗಿಬಿಟ್ಟರು. ಅವಳನ್ನು ಓದಿಸಿದವಳು ನಾನು, ಮದುವೆ ಮಾಡಬೇಕಾದವಳೂ ನಾನೇ. ತಪ್ಪಿದರೆ ಬೈಯುವುದಕ್ಕೆ ನನಗೆ ಇನ್ನೊಬ್ಬರು ಸಿಗುವಂತಿರಲಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಆ ದಿನಗಳಲ್ಲಿ ನಮ್ಮ ಕಡೆಯ ಹೆಂಗಸರಿಗೆ ಒಂದು ಅಭ್ಯಾಸವಿತ್ತು. ವಾರಪತ್ರಿಕೆಯ ಧಾರಾವಾಹಿಯ ಹಾಳೆಗಳನ್ನು ವಾರವಾರವೂ ಕಿತ್ತು ಜೋಡಿಸಿಟ್ಟು, ಕಥೆ ಮುಗಿದ ಮೇಲೆ ಹೊಲಿದು ಪುಸ್ತಕ ಮಾಡಿಕೊಳ್ಳುವುದು. ಉಳಿದವರು ದಬ್ಬಣದಲ್ಲಿ ಹೊಲಿಯುತ್ತಿದ್ದರು. ನಾನು ಮೆಷಿನ್ನಿನಲ್ಲೇ ಹೊಲಿದು, ಉಳಿದ ರವಿಕೆ ಚೂರಿನಿಂದ ಬೆನ್ನಿಗೊಂದು ಪಟ್ಟಿ ಹಾಕುತ್ತಿದ್ದೆ. ಈ ಪುಸ್ತಕಗಳು ಅಂಗಡಿಯ ಬೆಂಚಿನ ಮೇಲೇ ಇರುತ್ತಿದ್ದವು. ಓದುತ್ತ ಕೂತವರು ರವಿಕೆ ತಡವಾದದ್ದನ್ನು ಮರೆಯುತ್ತಾರೆ ಎಂಬುದು ನನ್ನ ಉಪಾಯ.

ಒಂದು ವಾರ ಪತ್ರಿಕೆಯ ಕಟ್ಟು ಕಡೂರಿನಿಂದ ಬರಲೇ ಇಲ್ಲ. ಆಗ ನಡೆಯುತ್ತಿದ್ದ ಕಥೆಯಲ್ಲಿ ನಾಯಕ ಡಾಕ್ಟರು, ಚಿನ್ನದಂಥ ಮನುಷ್ಯ. ಖಳ ಒಬ್ಬ ರೈಸ್ ಮಿಲ್ಲಿನ ಮಾಲೀಕ. ನಾಯಕಿಯ ಅಪ್ಪನ ಮನೆಯ ಖಾತೆಯನ್ನು ಸುಳ್ಳು ಕಾಗದ ತೋರಿಸಿ ತನ್ನ ಹೆಸರಿಗೆ ಮಾಡಿಸಿಕೊಂಡಿದ್ದ. ಅದೇ ಕಂತು ತಪ್ಪಿಹೋಯಿತು. ಪುಸ್ತಕ ಹೊಲಿಯುವಾಗ, ‘ಬಿಟ್ಟುಹೋದ ಕಡೆ ಒಂದು ಖಾಲಿ ಹಾಳೆ ಇಡೇ’ ಎಂದು ವಿಮಲೆಗೆ ಹೇಳಿದೆ. ಅವಳು ಹಾಳೆ ಇಟ್ಟಳು. ಖಾಲಿ ಇಡಲಿಲ್ಲ.

ಅವಳು ಬರೆದ ಕಂತಿನಲ್ಲಿ ನಾಯಕಿ ಯಾರ ಸಹಾಯಕ್ಕೂ ಕಾಯದೆ ತಾನೇ ಮಿಲ್ಲಿಗೆ ಹೋಗುತ್ತಾಳೆ. ಖಳ ಕುರ್ಚಿ ಹಾಕುತ್ತಾನೆ. ಅವಳು ಕೂರುವುದಿಲ್ಲ. ನಿಂತೇ ಜಗಳವಾಡುತ್ತಾಳೆ; ಅವನು ಒಂದಕ್ಕೆ ಎರಡು ಹೇಳುತ್ತಾನೆ, ಇವಳು ಎರಡಕ್ಕೆ ನಾಲ್ಕು. ಮಧ್ಯೆ ಅವನು ಮೆಷಿನ್ ನಿಲ್ಲಿಸಲು ಹೇಳುತ್ತಾನೆ, ಅವಳ ಮಾತು ಕೇಳಿಸಲಿ ಎಂದು. ಕೊನೆಗೆ ಮನೆಯನ್ನು ಅವಳ ಅಪ್ಪನ ಹೆಸರಿಗೆ ವಾಪಸ್ ಬರೆದುಕೊಡುತ್ತಾನೆ. ‘ಆಮೇಲೆ ಅವಳು ಕುರ್ಚಿಯಲ್ಲಿ ಕೂತಳು’ ಎಂಬಲ್ಲಿಗೆ ಕಂತು ಮುಗಿಯುತ್ತದೆ. ಡಾಕ್ಟರಿಗೆ ಆ ದಿನ ಆಸ್ಪತ್ರೆಯಲ್ಲಿ ಬಿಡುವಿರಲಿಲ್ಲವಂತೆ.

ನನಗೆ ಇದು ತಿಳಿಯುವಷ್ಟರಲ್ಲಿ ಊರಿಗೆಲ್ಲ ತಿಳಿದಿತ್ತು. ‘ಕುರ್ಚಿ ಪುಸ್ತಕ ಇದೆಯೇನಕ್ಕ?’ ಎಂದು ಕೇಳಿಕೊಂಡು ಬರುವವರು ಹೆಚ್ಚಾದರು. ಓದಿ ನೋಡಿ ಗಾಬರಿಯಾಯಿತು. ತರೀಕೆರೆಯ ಹಳೇ ಪೇಪರಿನವನ ಹತ್ತಿರ ಆ ವಾರದ ಪತ್ರಿಕೆಯನ್ನು ಚೌಕಾಸಿ ಮಾಡಿ ತಂದು, ಹೊಲಿಗೆ ಬಿಚ್ಚಿ, ತಂಗಿಯ ಹಾಳೆಗಳನ್ನು ತೆಗೆದು ಅಸಲು ಕಂತನ್ನು ಸೇರಿಸಿದೆ. ಮಾರನೇ ವಾರ ಗಿರಿಜಮ್ಮ ಬಂದರು. ಐದು ಮಕ್ಕಳ ತಾಯಿ, ಗಂಡ ದೇವರಂಥವರು.

“ಇದ್ಯಾಕ್ರೀ ಮಧ್ಯದಲ್ಲಿ ಡಾಕ್ಟ್ರು ಬಂದ್ಬಿಟ್ರು? ಆ ಕುರ್ಚಿ ಎಲ್ಲೋಯ್ತು?”

“ಅದು ಸುಳ್ಳು ಕಂತು ಗಿರಿಜಮ್ಮ. ಇದು ಅಸಲು. ಡಾಕ್ಟ್ರು ಎಷ್ಟು ಒಳ್ಳೇವ್ರು ನೋಡಿ.”

“ಒಳ್ಳೇವ್ರು ಮನೇಲೂ ಇದಾರೆ ಕಣ್ರೀ. ನಂಗೆ ಹಳೇದೇ ಹಾಕ್ಕೊಡಿ.”

ಗಿರಾಕಿ ಕೇಳಿದ್ದನ್ನು ಕೊಡದೆ ಅಂಗಡಿ ನಡೆಯುತ್ತದೆಯೇ? ಮತ್ತೆ ಬಿಚ್ಚಿ ಮತ್ತೆ ಹೊಲಿದೆ. ವಿಮಲೆ ಯಾರನ್ನೋ ಮನಸ್ಸಿನಲ್ಲಿಟ್ಟುಕೊಂಡೇ ಬರೆದಿದ್ದಾಳೆಂಬ ಅನುಮಾನ ಮಾತ್ರ ಹೊಲಿಗೆಗೆ ಸಿಗಲಿಲ್ಲ. ಮಿಲ್ಲಿನ ಮಾಲೀಕ ತೋಳು ಮಡಿಸುತ್ತಾನೆ, ಮೋಟಾರ್ ಸೈಕಲ್ ಓಡಿಸುತ್ತಾನೆ ಎಂದೆಲ್ಲ ಬರೆದಿದ್ದಳು. ನಮ್ಮ ಅಂಗಡಿಯ ಎದುರು ಈರುಳ್ಳಿ ಮಂಡಿಯವನೊಬ್ಬ ಕಪ್ಪು ಕನ್ನಡಕ ಹಾಕಿಕೊಂಡು ಅಂಥದೇ ಗಾಡಿ ನಿಲ್ಲಿಸುತ್ತಿದ್ದ. ಮೂರು ತಿಂಗಳು ನಾನು ಹೊಲಿದ ರವಿಕೆಗಳ ತೋಳು ಏರುಪೇರಾಗಿದ್ದರೆ ಅದಕ್ಕೆ ಅವನೇ ಕಾರಣ. ಕಣ್ಣು ಬಟ್ಟೆಯ ಮೇಲೆ ಇರುತ್ತಿರಲಿಲ್ಲ.

ಅದೇ ಹೊತ್ತಿಗೆ ತರೀಕೆರೆಯಿಂದ ಒಂದು ಸಂಬಂಧ ಬಂತು. ಹುಡುಗ ನಾಗರಾಜ, ಸರ್ವೆಯರ್ ಕೆಲಸ, ಬಾಯಿಗೆ ಬೆರಳಿಟ್ಟರೂ ಕಚ್ಚದವನೆಂದು ಹೇಳಿದರು. ಕೇಳಿದ ತಕ್ಷಣ ಟೇಪು ಹುಡುಕಿದೆ. ವಿಮಲೆಯನ್ನು ಕೇಳಿದರೆ, ‘ನಿನ್ನಿಷ್ಟ ಅಕ್ಕ’ ಎಂದಳು. ಈ ಮಾತು ನನ್ನನ್ನು ಇನ್ನಷ್ಟು ಹೆದರಿಸಿತು. ಚೌಕಾಸಿ ಮಾಡದೆ ಒಪ್ಪಿಕೊಳ್ಳುವವರು ಸಾಮಾನಿನ ಕಡೆ ನೋಡಿಯೇ ಇರುವುದಿಲ್ಲ. ಇಪ್ಪತ್ತು ವರ್ಷದ ಅನುಭವದಿಂದ ಹೇಳುತ್ತಿದ್ದೇನೆ. ಕೇಳಿಯೇಬಿಟ್ಟೆ.

“ಲೇ, ಯಾರೇ ಆ ಮಿಲ್ಲಿನೋನು? ಮಂಡಿಯೋನಾ?”

“ಯಾವ ಮಂಡಿಯೋನು?”

“ನಾಟಕ ಆಡ್ಬೇಡ. ಬುಧವಾರ ನೀಲಿ ಶರ್ಟು, ಶನಿವಾರ ಚೌಕಳಿ. ಹನ್ನೊಂದಕ್ಕೆ ಬತ್ತಾನೆ, ಎಡಗಾಲಲ್ಲಿ ಸ್ಟ್ಯಾಂಡ್ ಹಾಕ್ತಾನೆ.”

ಅವಳು ಗುಂಡಿ ಹಚ್ಚುತ್ತಿದ್ದ ಸೂಜಿ ನಿಲ್ಲಿಸಿ ನನ್ನನ್ನೇ ನೋಡಿದಳು. “ಅಕ್ಕ, ಅವನ ಶರ್ಟು ಯಾವ ಬಣ್ಣ ಅಂತ ನಂಗೊತ್ತಿಲ್ಲ. ನಿಂಗೊತ್ತು.”

ಅವಳು ಅಷ್ಟಕ್ಕೆ ಬಿಡಲಿಲ್ಲ. “ಭಾವನ್ನೂ ನೀನು ಹಿಂಗೇ ಅಲ್ವೇನೇ ಕಾದಿದ್ದು? ರೀಲು ಬಿಚ್ಚಿ ಬಿಚ್ಚಿ ದಾರ ಅಳೀತಿದ್ದೆ.”

ನಿಜ. ನಮ್ಮ ಯಜಮಾನರು ಮದುವೆಗೆ ಮುಂಚೆ ಕಡೂರಿನಿಂದ ದಾರ, ಗುಂಡಿ ತಂದು ಮಾರುತ್ತಿದ್ದರು. ದಾರ ಕಡಿಮೆಯಿದೆ ಎಂದು ನಾನು, ಇಲ್ಲವೆಂದು ಅವರು. ಅವರು ಬರುವ ದಿನ ಯಾವುದು, ಎಲ್ಲಿ ನೋಡಿ ಮಾತಾಡುತ್ತಾರೆ, ಯಾವ ಮಾತಿಗೆ ಕಿವಿ ಕೆಂಪಾಗುತ್ತದೆ ಎಲ್ಲ ನನಗೆ ಬಾಯಿಪಾಠವಾಗಿತ್ತು. ಮೋಸ ಸಿಗಲಿಲ್ಲ. ಅಷ್ಟರಲ್ಲಿ ಅಭ್ಯಾಸವಾಗಿಬಿಟ್ಟಿತ್ತು.

ಅಂದಿನಿಂದ ನಾನು ಈ ವಿಷಯವನ್ನು ತಿರುಗಿಸಿ ಮುರುಗಿಸಿ ನೋಡಿದ್ದೇನೆ. ನಾಯಕಿಗೆ ನಾಯಕನ ಮೇಲೆ ನಂಬಿಕೆ, ಹಾಗಾಗಿ ಅವನ ಕಡೆ ನೋಡುವುದಿಲ್ಲ. ಖಳನನ್ನು ಮಾತ್ರ ಕಣ್ಣು ಮಿಟುಕಿಸದೆ ಕಾಯುತ್ತಾಳೆ. ಅಷ್ಟು ನೋಡಿದ ಮೇಲೆ ಏನಾದರೊಂದು ಆಗದೆ ಇರುತ್ತದೆಯೇ? ನಾನು ಬಯಲಾಟದ ವೇಷಗಳನ್ನೂ ಹೊಲಿದವಳು. ರಾಜಕುಮಾರನ ವೇಷದವನು ಕೊಟ್ಟದ್ದನ್ನು ತೊಟ್ಟುಕೊಂಡು ಹೋಗುತ್ತಾನೆ. ರಾಕ್ಷಸನ ವೇಷದವನು ಮೂರು ಸಲ ಬಂದು, ಭುಜ ಹಿಡಿಯುತ್ತದೆ, ಜರಿ ಸಾಲದು ಎಂದು ಜಗಳವಾಡುತ್ತಾನೆ. ಬಟ್ಟೆಯೂ ಅವನಿಗೇ ಹೆಚ್ಚು. ಆಟ ಮುಗಿದ ಮೇಲೆ ನನಗೆ ಯಾರ ಅಳತೆ ನೆನಪಿರುತ್ತದೆ, ಹೇಳಿ?

ವಿಮಲೆಯ ಕಾರಣ ಬೇರೆ. “ಡಾಕ್ಟ್ರು ಅವಳ ಪರವಾಗಿ ಮಾತಾಡ್ತಾರೆ ಅಕ್ಕ. ಮಿಲ್ಲಿನೋನು ಅವಳ ಜೊತೆ ಮಾತಾಡ್ತಾನೆ” ಎಂದಳು. ಒಪ್ಪಿದೆ. ಆದರೂ ಹೆಣ್ಣುಮಕ್ಕಳಿಗೆ ನನ್ನದೊಂದು ಮಾತು: ಕಥೆಯ ಖಳನಿಗೆ ಕಂತು ಮುಗಿಯುವುದರೊಳಗೆ ತಿದ್ದಿಕೊಳ್ಳಲೇಬೇಕಾದ ಒತ್ತಾಯವಿದೆ. ಊರಿನ ಖಳನಿಗೆ ಅಂಥದ್ದೇನೂ ಇಲ್ಲ. ಅವನು ಕುರ್ಚಿ ಹಾಕಿದರೆ ಕುರ್ಚಿಯ ಕಾಲು ನೋಡಿ.

ಹೆಣ್ಣು ನೋಡಲು ಬಂದವರನ್ನು ಅಂಗಡಿಯಲ್ಲೇ ಕೂರಿಸಿದೆ; ಪರದೆಯ ಹಿಂದೆಯೇ ನಮ್ಮ ಮನೆ. ಆ ದಿನ ನಾಗರಾಜ ಎಲ್ಲದಕ್ಕೂ ‘ಆಗ್ಲಿ’ ಎಂದ. ಉಪ್ಪಿಟ್ಟು? ಆಗ್ಲಿ. ಫ್ಯಾನು? ಆಗ್ಲಿ. ಒಳಗೆ ವಿಮಲೆ ಕಾಫಿ ಸೋಸುತ್ತ ನಿಟ್ಟುಸಿರು ಬಿಟ್ಟದ್ದು ಪರದೆಯ ಈಚೆಗೂ ಕೇಳಿಸಿತು. ಈ ಡಾಕ್ಟರನ್ನು ಕಟ್ಟಿಕೊಂಡು ಇವಳು ಬಾಳೆಲ್ಲ ಖಾಲಿ ಹಾಳೆ ತುಂಬಿಸುತ್ತಾಳಲ್ಲ ಎಂದುಕೊಂಡೆ. ಹಿರಿಯರು ನಂಟಸ್ತಿಕೆಯ ಮಾತಿನಲ್ಲಿದ್ದರು. ಹುಡುಗ ಹೊತ್ತು ಕಳೆಯಲು ಬೆಂಚಿನ ಮೇಲಿನ ಪುಸ್ತಕ ತೆಗೆದುಕೊಂಡ. ಅದೇ ಪುಸ್ತಕ. ನಾನು ಕಿತ್ತುಕೊಳ್ಳುವಷ್ಟರಲ್ಲಿ ಅದೇ ಕಂತು. ಓದಿದ, ಹುಬ್ಬು ಗಂಟಿಕ್ಕಿದ, ಮತ್ತೆ ಓದಿದ.

“ಇದು ತಪ್ಪು,” ಎಂದ. ಬಂದಾಗಿನಿಂದ ‘ಆಗ್ಲಿ’ ಅಲ್ಲದ ಮೊದಲ ಮಾತು.

ಪರದೆಯ ಹಿಂದಿನಿಂದ, “ಏನು ತಪ್ಪು?”

“ಒಂದೇ ಸಾಯಂಕಾಲಕ್ಕೆ ಖಾತೆ ವಾಪಸ್ ಆಗಲ್ಲ.”

“ಅವನೇ ಒಪ್ಪಿ ಬರ್ಕೊಟ್ಟಿದಾನಲ್ಲ.”

“ಯಾರು ಬರ್ಕೊಟ್ರೂ ಅಷ್ಟೇ. ನೋಟಿಸ್ ಕೊಡ್ಬೇಕು, ತಕರಾರು ಕೇಳ್ಬೇಕು. ಮೂವತ್ತು ದಿನ. ಇಷ್ಟು ದಿನ ಕೆಟ್ಟೋನಾಗಿದ್ದೋನು ಒಂದೇ ಗಂಟೇಲಿ ಬದಲಾಗೋದನ್ನ ನಾನಂತೂ ನಂಬಲ್ಲ.”

ವಿಮಲೆ ಕಾಫಿ ಹಿಡಿದು ಹೊರಗೆ ಬಂದಳು. ಲೋಟ ಕೊಡಲಿಲ್ಲ, ಕೂರಲೂ ಇಲ್ಲ. “ಮೂವತ್ತು ದಿನ ಅಂದ್ರೆ ನಾಲ್ಕು ಕಂತು. ಅಷ್ಟರಲ್ಲಿ ಏನಾಗತ್ತೆ, ನೀವೇ ಬರೀರಿ ನೋಡೋಣ.”

“ಬರೀತೀನಿ. ನೀವು ತಕರಾರು ಬರೀರಿ.”

“ನಾನು ಒಪ್ಪಿಗೆ ಹೇಳೋಕೂ ಮೂವತ್ತು ದಿನ ಬೇಕು,” ಎಂದಳು ನನ್ನ ಕಡೆ ತಿರುಗಿ. ಹಿರಿಯರು ಗಾಬರಿಯಾದರು. ನಾನಾಗಲಿಲ್ಲ. ಕೊಳ್ಳುವ ಮನಸ್ಸಿಲ್ಲದವರು ಬೆಲೆಗೆ ಇಷ್ಟು ಜಗಳವಾಡುವುದಿಲ್ಲ. ಫಿಲ್ಟರಿನಲ್ಲಿ ಇನ್ನೊಂದು ಸಲ ಡಿಕಾಕ್ಷನ್ ಹಾಕಿದೆ.

ನಾಗರಾಜ ನಾಲ್ಕು ಭಾನುವಾರ ತರೀಕೆರೆಯಿಂದ ಬಸ್ಸು ಹತ್ತಿ ಬಂದ, ನಾಲ್ಕು ಕಂತು ತಂದ. ಸರ್ವೆಯವನ ಅಕ್ಷರ, ಗೆರೆ ಎಳೆದ ಹಾಗೆ ನೆಟ್ಟಗೆ. ವಿಮಲೆ ಅಂಚಿನಲ್ಲೆಲ್ಲ ತಕರಾರು ಬರೆದಳು. ನಾನು ಮೆಷಿನ್ನಿನ ಮೇಲೆ ಬಗ್ಗಿಕೊಂಡೇ ಇಬ್ಬರನ್ನೂ ಕಾದೆ. ಅವಧಿ ಮುಗಿದ ದಿನ ಅವನು ಬಾಗಿಲಲ್ಲೇ ನಿಂತು, “ತಕರಾರು ಏನಾದ್ರೂ ಇದೆಯಾ?” ಎಂದು ಕೇಳಿದ.

“ಬೇಕಾದಷ್ಟಿದೆ,” ಎಂದಳು. “ಮದ್ವೆ ಆದ್ಮೇಲೆ ಹೇಳ್ತೀನಿ.”

ಆ ಪುಸ್ತಕ ಈಗ ಎರಡು ಕೈಬರಹ ಸೇರಿ ದಪ್ಪವಾಗಿದೆ. ಬೆನ್ನಿನ ಪಟ್ಟಿಗೆ ವಿಮಲೆಯ ಮದುವೆ ರವಿಕೆಯ ಚೂರು ಹಾಕಿದ್ದೇನೆ. ಡಾಕ್ಟರು ಇನ್ನೂ ಆಸ್ಪತ್ರೆಯಲ್ಲೇ ಇದ್ದಾರೆ, ಪಾಪ. ಗಿರಿಜಮ್ಮನವರೂ ಅವರನ್ನು ವಿಚಾರಿಸುವುದಿಲ್ಲ. ನಾಗರಾಜ ಮನೆಗೆ ಬಂದಾಗಲೆಲ್ಲ ನಾನು ಕುರ್ಚಿ ಹಾಕುತ್ತೇನೆ. ‘ಚೆನ್ನಾಗಿದೀರಾ ಅತ್ತಿಗೆ?’ ಎಂದು ಅವನು ನನ್ನ ಮುಖ ನೋಡಿ ನಗುತ್ತಾನೆ. ನಾನೂ ನಗುತ್ತೇನೆ, ಅವನ ಹೆಬ್ಬೆರಳು ನೋಡುತ್ತ.