ಇಪ್ಪತ್ತನೆಯ ದಿನದ ಸ್ಕ್ಯಾನ್

ಮೊದಲ ಮಗಳಿಗೆ ಮೂರು ತುಂಬುವ ಹೊತ್ತಿಗೆ ನನಗೆ ಮೂವತ್ತೈದು. ಇನ್ನೊಂದು ಮಗು ಬೇಕೆಂದು ನಾನೂ ನನ್ನ ಗಂಡನೂ ಆಸೆಪಡತೊಡಗಿ ಒಂದು ವರ್ಷ ಕಳೆದಿತ್ತು. ಹೆರಿಗೆಗೆ ಮುಂಚೆ ತಪ್ಪದೆ ತಿಂಗಳಿಗೊಮ್ಮೆ ಬರುತ್ತಿದ್ದ ಮುಟ್ಟು, ಮಗಳು ಹಾಲು ಬಿಟ್ಟ ಮೇಲೂ ಮೊದಲಿನ ದಾರಿಗೆ ಬರಲಿಲ್ಲ. ಒಮ್ಮೆ ಮೂವತ್ತೈದು ದಿನ, ಒಮ್ಮೆ ಮೂವತ್ತೇಳು.

ಕಲಬುರಗಿಯ ಸೇಡಂ ರಸ್ತೆಯಲ್ಲಿ ಒಬ್ಬ ಡಾಕ್ಟರಮ್ಮನಿಗೆ ತೋರಿಸಿದೆ. ಮುಟ್ಟಾದ ಹನ್ನೆರಡನೆಯ ದಿನದಿಂದ ಹದಿನಾರರವರೆಗೆ ದಿನ ಬಿಟ್ಟು ದಿನ ಸ್ಕ್ಯಾನ್ ಮಾಡಿದರು. ಎರಡು ತಿಂಗಳೂ ಒಂದೇ ಮಾತು: "ಅಂಡ ಬೆಳ್ದಿಲ್ರೀ. ಇಂಜೆಕ್ಷನ್ ಶುರು ಮಾಡೋಣ." ಎರಡನೆಯ ಸಲ ಅದನ್ನು ಕೇಳಿದ ದಿನ ಆಟೋದಲ್ಲಿ ಮನೆ ಮುಟ್ಟುವ ತನಕ ಅಳುತ್ತಲೇ ಇದ್ದೆ. ಗಂಡ ನನ್ನ ಕೈ ಹಿಡಿದುಕೊಂಡು ಕೂತಿದ್ದರು.

ನಾನು ಕಮಲಾಪುರದ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ದಿನಾ ಕಲಬುರಗಿಯಿಂದ ಬಸ್ಸಿನಲ್ಲಿ ಹೋಗಿಬರುತ್ತೇನೆ. ಅದೇ ವಾರ ಹತ್ತನೆಯ ತರಗತಿಗೆ ಸಂತಾನೋತ್ಪತ್ತಿಯ ಪಾಠವಿತ್ತು. ಪ್ರತಿವರ್ಷದಂತೆ ಬೋರ್ಡಿನ ಮೇಲೆ ಬರೆದೆ: ಅಂಡ ಬಿಡುಗಡೆ, ಹದಿನಾಲ್ಕನೆಯ ದಿನ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು.

"ಟೀಚರ್, ಎಲ್ಲಾರಿಗೂ ಹದಿನಾಲ್ಕನೇ ದಿನಾನೇ ಆಗ್ತದೇನ್ರೀ?"

ಇಷ್ಟು ವರ್ಷ ಯಾರೂ ಕೇಳಿರಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ. "ಓದಿ ಹೇಳ್ತೀನಿ, ಕೂಡವಾ" ಅಂದೆ. ಓದಿದೆ. ಮುಟ್ಟಿನ ಸುತ್ತು ಉದ್ದವಾದರೆ ಅಂಡ ಬಿಡುವ ದಿನವೂ ಮುಂದಕ್ಕೆ ಹೋಗಬಹುದು. ಅದು ಬಿಟ್ಟ ಒಂದೆರಡು ದಿನಕ್ಕೆ ಮೈ ತುಸು ಬೆಚ್ಚಗಾಗಿ, ಮುಂದಿನ ಮುಟ್ಟಿನ ತನಕ ಹಾಗೇ ಇರುತ್ತದೆ. ದಿನಾ ಬೆಳಿಗ್ಗೆ ಹಾಸಿಗೆಯಿಂದ ಏಳುವ ಮುಂಚೆ ತಾಪ ಅಳೆದು ಬರೆದರೆ ಆ ದಿನ ಸಿಕ್ಕೀತು. ಮರುದಿನ ಹುಡುಗಿಗೆ ಉತ್ತರ ಹೇಳಿದೆ. ಸಂಜೆ ಒಂದು ಥರ್ಮಾಮೀಟರು, ಒಂದು ಗ್ರಾಫ್ ಪುಸ್ತಕ ಕೊಂಡೆ.

ನಮ್ಮ ಜೊತೆಗಿರುವ ಅತ್ತೆಯ ಕಣ್ಣಿಗೆ ಇದು ವಾರದಲ್ಲೇ ಬಿತ್ತು.

"ಯವ್ವಾ, ದಿನಾ ಮುಂಜಾನಿ ಬಾಯಾಗ ಆ ಕಡ್ಡಿ ಇಟ್ಕೊಂಡು ಮಲಗ್ತಿ. ಜ್ವರ ಬರಾಕತ್ತಾವೇನು? ನನ್ನ ಮುಂದ ಮುಚ್ಚಿಡಬ್ಯಾಡ."

ಪಕ್ಕದಲ್ಲಿ ಕೂಡಿಸಿಕೊಂಡು ಎಲ್ಲವನ್ನೂ ಹೇಳಿದೆ. ಅವರು ಗ್ರಾಫಿನ ಚುಕ್ಕೆಗಳ ಮೇಲೆ ಬೆರಳಾಡಿಸಿದರು.

"ಐದು ಹಡದೀನಿ ನಾ. ಇಂಥಾದ್ದೊಂದು ಅದ ಅಂತ ಯಾರೂ ಹೇಳಲಿಲ್ಲ ನೋಡು."

ಮರುದಿನದಿಂದ ಕಾವಲು ಅವರದೇ. ಮಗಳು ಎದ್ದು ನನ್ನತ್ತ ಓಡಿ ಬರುತ್ತಿದ್ದರೆ ಬಾಗಿಲಲ್ಲೇ ಹಿಡಿಯುತ್ತಿದ್ದರು: "ನಿಮ್ಮವ್ವನ ಲೆಕ್ಕ ಮುಗೀಲಿ, ಆಮ್ಯಾಲ ಹೋಗು."

ಮೂರು ತಿಂಗಳಿಗೆ ಮೂರು ಹಾಳೆ ತುಂಬಿದವು. ಮೂರರಲ್ಲೂ ಗೆರೆ ಮೂರು ವಾರ ಕೆಳಗೇ ತೆವಳಿ, ಇಪ್ಪತ್ತೆರಡು ಇಲ್ಲವೇ ಇಪ್ಪತ್ತಮೂರನೆಯ ದಿನಕ್ಕೆ ಮೆಟ್ಟಿಲು ಹತ್ತಿದಂತೆ ಮೇಲೇರಿ ನಿಂತಿತ್ತು. ಅವನ್ನು ತೆಗೆದುಕೊಂಡು ಹೋಗಿ ಡಾಕ್ಟರಮ್ಮನ ಮೇಜಿನ ಮೇಲೆ ಹರಡಿದೆ.

"ಇದೆಲ್ಲಾ ಯಾಕ ಮಾಡ್ಕೊಂಡು ಕೂಡ್ತೀರಿ? ಸುಮ್ನೆ ಮನಸಿಗಿ ಟೆನ್ಷನ್" ಅಂದರು.

"ಮೇಡಂ, ನೀವು ನೋಡಿದ್ದು ಹದಿನಾರನೇ ದಿನದ ತನಕ. ನನಗ ಅಂಡ ಬಿಡೋದು ಇಪ್ಪತ್ತೊಂದರ ಸುಮಾರಿಗೆ. ಒಂದು ತಿಂಗಳು ಇಪ್ಪತ್ತನೇ ದಿನ ನೋಡ್ರಿ. ಏನೂ ಕಾಣಲಿಲ್ಲಂದ್ರ ನಿಮ್ಮ ಇಂಜೆಕ್ಷನ್ ತಗೋತೀನಿ."

ಹಾಳೆಗಳನ್ನು ನಾನು ಮಡಚಲಿಲ್ಲ. ಅವರು ಕನ್ನಡಕ ಹಾಕಿಕೊಂಡು ಒಂದೊಂದನ್ನೇ ಎತ್ತಿ ನೋಡಿದರು. ಮೂರನೆಯದನ್ನು ಕೆಳಗಿಟ್ಟು, "ಆಯ್ತು, ಬರ್ರಿ" ಅಂದರು.

ಇಪ್ಪತ್ತನೆಯ ದಿನ ಅರ್ಧ ರಜೆ ಹಾಕಿ ಕಮಲಾಪುರದಿಂದ ನೇರ ಆಸ್ಪತ್ರೆಗೆ ಬಂದೆ. ಸ್ಕ್ಯಾನ್ ಮಾಡುತ್ತಿದ್ದ ಡಾಕ್ಟರಮ್ಮನ ಕೈ ಒಂದು ಕಡೆ ನಿಂತಿತು. ಪರದೆಯನ್ನು ನನ್ನ ಕಡೆ ತಿರುಗಿಸಿದರು. ನಡುವೆ ದುಂಡಗೆ, ಕಪ್ಪಗೆ, ದ್ರಾಕ್ಷಿಯಂಥದ್ದೊಂದು.

"ಟೀಚರ್, ನೀವ ಗೆದ್ರಿ. ಅಂಡ ಛಲೋ ಬೆಳದದ. ನಾನ ಅವಸರ ಮಾಡಿದೆ."

ಆ ಒಂದು ಮಾತಿಗೆ ನಾನು ಮಲಗಿದಲ್ಲೇ ನಕ್ಕುಬಿಟ್ಟೆ. ನನ್ನ ಮೈ ಕೆಟ್ಟಿರಲಿಲ್ಲ. ತನ್ನದೇ ವೇಳೆಗೆ ನಡೆಯುತ್ತಿತ್ತು, ಅಷ್ಟೇ.

ಆ ತಿಂಗಳು ಗರ್ಭ ನಿಲ್ಲಲಿಲ್ಲ. ಅದರ ಮುಂದಿನ ತಿಂಗಳೂ ಇಲ್ಲ. ಆದರೆ ಅಳು ಬರಲಿಲ್ಲ. ಮೂರನೆಯ ತಿಂಗಳು ಮೇಲೇರಿದ ಗೆರೆ ಇಳಿಯಲೇ ಇಲ್ಲ. ಹಾಳೆ ಮುಗಿಯಿತು. ಇನ್ನೊಂದನ್ನು ಅಂಟಿಸಿದೆ. ಗೆರೆ ಮೇಲೇರಿದ ಹದಿನೆಂಟನೆಯ ಮುಂಜಾನೆ ಗರ್ಭಪರೀಕ್ಷೆ ಮಾಡಿಕೊಂಡರೆ ಪಟ್ಟಿಯ ಮೇಲೆ ಎರಡು ಗೆರೆ ಕಂಡವು. ಗಂಡ ಅರ್ಧ ಗಡ್ಡ ಬೋಳಿಸಿದ ಮುಖದಲ್ಲೇ ಹೊರಗೆ ಓಡಿ ಬಂದರು. ರೊಟ್ಟಿ ತಟ್ಟುತ್ತಿದ್ದ ಅತ್ತೆ ಹಿಟ್ಟಿನ ಕೈಯಲ್ಲೇ ನನ್ನ ಕೆನ್ನೆ ಸವರಿದರು.

ಮುಂದಿನ ಭೇಟಿಯಲ್ಲಿ ಹೆರಿಗೆಯ ದಿನ ಗೊತ್ತುಮಾಡಬೇಕಿತ್ತು. ಡಾಕ್ಟರಮ್ಮ ಎಂದಿನಂತೆ ಕೊನೆಯ ಮುಟ್ಟಿನಿಂದ ಎಣಿಸಲು ಪೆನ್ನೆತ್ತಿದವರು ಹಾಗೇ ನಿಂತರು.

"ನಿಮ್ಮ ಹಾಳಿ ಏನ್ ಹೇಳ್ತದ್ರೀ, ಟೀಚರ್?"

"ಒಂದು ವಾರ ಮುಂದ ಹಾಕ್ರಿ, ಮೇಡಂ."

ಅವರು ಹಾಗೆಯೇ ಬರೆದರು. ನಾವು ಬರೆಸಿದ ವಾರದಲ್ಲೇ ನಮ್ಮ ಎರಡನೆಯ ಮಗಳು, ವಾರ್ಡಿನ ಕೊನೆಯ ಮಂಚದವರೆಗೂ ಕೇಳುವಂತೆ ಚೀರುತ್ತ ಹುಟ್ಟಿದಳು.