ಸತ್ಕಾರದ ದಿನ ಕಂಡ ಸಾತಪ್ಪನ ತೋಳು

ತಿಕೋಂಡಿಯ ದುಂಡವ್ವನ ಬಾಯಿಗೆ ಊರೇ ಹೆದರುತ್ತಿತ್ತು. ಗಂಡ ಸತ್ತ ಮೇಲೆ ಒಬ್ಬಳೇ ಕುರಿ ಮೇಯಿಸಿ ಬದುಕಿದವಳು. ಸೋಗಿನವರನ್ನು ಕಂಡರೆ ಅವಳಿಗೆ ಮೈಯುರಿ. ಪಕ್ಕದ ಮನೆಯ ಶಿದ್ರಾಯನನ್ನಂತೂ ಕಣ್ಣೆತ್ತಿ ನೋಡಲೂ ಅವಳಿಗೆ ಹೇಸಿಗೆ.

ಶಿದ್ರಾಯನ ತಮ್ಮ ಸಾತಪ್ಪನಿಗೆ ನಲವತ್ತು ದಾಟಿದರೂ ಬುದ್ಧಿ ಮಗುವಿನದು, ಮಾತು ಬಾರದು. "ತಮ್ಮನೇ ನನಗ ದೇವ್ರು" ಎಂದು ಶಿದ್ರಾಯ ಕಂಡಕಂಡಲ್ಲಿ ಹೇಳಿಕೊಳ್ಳುತ್ತಿದ್ದ. ಆ ದೇವರು ನಾಯಿಯ ಮುಂದಿನ ರೊಟ್ಟಿ ಕಸಿದು ತಿನ್ನುವುದನ್ನು ದುಂಡವ್ವ ನೋಡಿದ್ದಳು. ಕೇಳಿದರೆ, "ಹುಚ್ಚ ಅದಾನಬೇ, ಎಷ್ಟ ಹಾಕಿದ್ರೂ ಸಾಲೂದಿಲ್ಲ" ಎಂದು ಹಲ್ಲು ಕಿರಿದಿದ್ದ.

ಈ ಬೇಸಿಗೆಯಲ್ಲಿ ಊರಿನ ತರುಣ ಮಂಡಳದವರು ತಮ್ಮನ ಸೇವೆ ಮಾಡುತ್ತಾನೆಂದು ಶಿದ್ರಾಯನಿಗೆ ಸತ್ಕಾರ ಇಟ್ಟುಕೊಂಡರು. ಸಾತಪ್ಪನಿಗೂ ತುಂಬುತೋಳಿನ ಹೊಸ ಅಂಗಿ ತೊಡಿಸಿ ಪಕ್ಕದಲ್ಲಿ ಕೂರಿಸಿದ್ದರು. ಹೊದಿಸಿದ ಶಾಲು ಸರಿಮಾಡಿಕೊಳ್ಳಲು ಶಿದ್ರಾಯ ಕೈಯೆತ್ತಿದ್ದೇ ತಡ, ಸಾತಪ್ಪ ಎರಡೂ ತೋಳಿನಿಂದ ತಲೆ ಮುಚ್ಚಿಕೊಂಡು ಕುರ್ಚಿಯ ಕೆಳಗೆ ನುಸುಳಿದ. ಜನ ಗೊಳ್ಳೆಂದು ನಕ್ಕರು.

ದುಂಡವ್ವ ನಗಲಿಲ್ಲ. ದಿನಾ ಪೆಟ್ಟು ತಿನ್ನದವನು ಹಾಗೆ ಮುದುಡುತ್ತಾನೆಯೆ? ಸೀದಾ ವೇದಿಕೆ ಹತ್ತಿದಳು.

"ಶಿದ್ರಾಯಾ, ಇಂಥಾ ಬಿಸಲಾಗ ಇವಗ ತುಂಬತೋಳಿನ ಅಂಗಿ ಯಾಕ ಹಾಕೀದಿ?"

ಉತ್ತರಕ್ಕೆ ಕಾಯದೆ ಸಾತಪ್ಪನನ್ನು ಎಬ್ಬಿಸಿ ಅಂಗಿಯ ತೋಳು ಮೇಲಕ್ಕೆ ಮಡಚಿದಳು. ಮಣಿಕಟ್ಟಿನ ಸುತ್ತ ಹಗ್ಗ ಕೊರೆದ ಗಾಯ, ಮೇಲೆ ಬೀಡಿಯಿಂದ ಸುಟ್ಟ ಕಲೆಗಳು.

"ಬಿದ್ದಾನಬೇ" ಎಂದ ಶಿದ್ರಾಯ.

"ಎದರ ಮ್ಯಾಲ ಬಿದ್ದಾನೋ? ನಿನ್ನ ಬೀಡಿ ಮ್ಯಾಲೇನು?"

ಊರಿನ ತಂಟೆಯನ್ನು ಠಾಣೆಗೆ ತಿಳಿಸಬೇಕಾದ ಪೊಲೀಸ ಪಾಟೀಲರೇ ಮುಂದೆ ಕುಳಿತು ಗದರಿದರು: "ದುಂಡವ್ವಾ, ಮನಿ ಮಾತು ಮನ್ಯಾಗ ಇರ್ಲಿ. ಕೆಳಗ ಇಳಿ."

"ನೀವು ಹಾರ ಹಾಕ್ಕೋತ ಇಲ್ಲೇ ಕುಂದರ್ರಿ, ಪಾಟೀಲರ. ನಾ ಜತ್ತ ದವಾಖಾನಿಗಿ ಹೊಂಟೀನಿ."

ಸಾತಪ್ಪನ ಕೈ ಹಿಡಿದು ಪೇಟೆಗೆ ಹೊರಟಿದ್ದ ಬಾಡಿಗೆ ಜೀಪು ಹತ್ತಿಸಿದಳು. ಸರಕಾರಿ ದವಾಖಾನೆಯ ಡಾಕ್ಟರರು ಅಂಗಿ ಬಿಚ್ಚಿಸಿ ಬೆನ್ನು ನೋಡಿದವರೇ ತಾವಾಗಿ ಪೊಲೀಸರನ್ನು ಕರೆಸಿದರು.

ಶಿದ್ರಾಯ ಈಗ ಜಾಮೀನಿನ ಮೇಲಿದ್ದಾನೆ. ಸಾತಪ್ಪ ದುಂಡವ್ವನ ಮನೆಯಲ್ಲಿ. ಮೊನ್ನೆ ಶಿದ್ರಾಯನ ಹೆಂಡತಿ ಬಂದು ಅತ್ತಳು: "ಕೇಸ ಹಿಂದ ತಗೋರಿ ಅತ್ತೀ, ನಮ್ಮ ಮರ್ಯಾದಿ ಹೋಗ್ತೈತಿ."

"ಮರ್ಯಾದಿ ಇದ್ರಲ್ಲಾ ಹೋಗೂದು?" ಎಂದಳು ದುಂಡವ್ವ. ಒಳಗೆ ಸಾತಪ್ಪ ಊಟದ ತಾಟು ಬಿಟ್ಟು ಮೂಲೆ ಸೇರಿದ್ದ. "ಎದ್ದ ನಡಿ ಮೊದಲ. ನಿನ್ನ ದನಿ ಕೇಳಿ ಅಂವ ಉಣ್ಣೂದು ಬಿಟ್ಟಾನ."